ಕಂಪ್ಯೂಟರಿಗೊಂದು ರೇಡಿಯೇಟರು

ಅದಿರಿನ ದುಡ್ಡು ಹೊಸಪೇಟೆಗೆ ಹರಿದು ಬರುತ್ತಿದ್ದ ಆ ವರ್ಷಗಳಲ್ಲಿ, ಮನೆಗೆ ತಂದ ಹೊಸ ವಸ್ತುವನ್ನು ಬೀದಿಗೆ ತೋರಿಸದೆ ಇಟ್ಟುಕೊಳ್ಳುವುದು ಒಂದು ಬಗೆಯ ಕಳ್ಳತನವೇ ಆಗಿತ್ತು. ಜೀಪು ತಂದವರು ಅದನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದರು. ಫ್ರಿಜ್ಜು ತಂದವರು ಅದನ್ನು ಅಡುಗೆಮನೆ ಬಿಟ್ಟು ಪಡಸಾಲೆಯಲ್ಲಿ ಇಡುತ್ತಿದ್ದರು. ಚಿತ್ತವಾಡಗಿಯ ಜಂಬಯ್ಯನ ಮನೆಗೆ ಬಂದದ್ದು ಕಂಪ್ಯೂಟರು. ಅದೂ ಪಡಸಾಲೆಯಲ್ಲೇ, ಬಾಗಿಲಿಗೆ ನೇರವಾಗಿ, ಹಾದುಹೋಗುವವರಿಗೆ ಕಾಣುವ ಹಾಗೆ ಕುಳಿತಿತ್ತು.

ಜಂಬಯ್ಯನಿಗೆ ಸಂಡೂರು ರಸ್ತೆಯಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುವ ಅಂಗಡಿ. ಗುಡ್ಡದಿಂದ ಅದಿರು ಹೊತ್ತು ಇಳಿದ ಲಾರಿಗಳು ಇಂಜಿನ್ ಕಾದು, ಬುಸುಬುಸು ಆವಿ ಬಿಡುತ್ತ ಅವನ ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದವು. ಸೋರುವ ಜಾಗ ಹುಡುಕಿ, ಬೆಸುಗೆ ಹಾಕಿ, ನೀರು ತುಂಬಿ, ಬಾನೆಟ್ಟಿನ ಮೇಲೆ ಒಂದೇಟು ಕೊಟ್ಟು "ಹೊಡಿ ಇನ್ನ" ಎಂದನೆಂದರೆ ಆ ಲಾರಿ ಮಂಗಳೂರು ಬಂದರು ಮುಟ್ಟಿ ಬರುವ ತನಕ ಚಿಂತೆಯಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಹೇಳದವರ ಬಾಯಿಂದ ಜಂಬಯ್ಯನೇ ಹೇಳಿಸುತ್ತಿದ್ದ. ತನ್ನ ಕೈಗುಣದ ಬಗ್ಗೆ ಅವನಿಗೆ ಸಂಕೋಚ ಎಂಬುದು ಎಂದೂ ಇರಲಿಲ್ಲ.

ಕಂಪ್ಯೂಟರು ಬಂದದ್ದು ಮಗಳು ಸೌಜನ್ಯಳಿಗಾಗಿ. ಬಳ್ಳಾರಿಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗಿ. ಸಂಡೂರಿನಲ್ಲಿ ಗಣಿಗಳ ಸರ್ವೆ ಮಾಡುವ ಶಂಭುಲಿಂಗ ಎಂಬುವರು ಅವಳಿಗೆ ಕೆಲಸ ಕೊಡುತ್ತಿದ್ದರು. ಅವರ ಆಳುಗಳು ಗುಡ್ಡದ ಮೇಲೆ ಅಳೆದು ತಂದ ಸಾವಿರಾರು ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಗುಡ್ಡದ ಉಬ್ಬುತಗ್ಗಿನ ನಕ್ಷೆ ತೆಗೆಯಬೇಕು. ಎಷ್ಟು ಕಡಿದಿದ್ದಾರೆ, ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಬೇಕು. ಸಂಡೂರಿನ ಆಫೀಸಿಗೇ ಬಂದು ಕೂರಲಿ ಎಂದು ಶಂಭುಲಿಂಗ ಮೊದಲು ಕೇಳಿದ್ದರು. ಮೂತಿ ಜಜ್ಜಿಹೋದ ಲಾರಿಗಳನ್ನು ದಿನಾ ನೋಡುವ ಜಂಬಯ್ಯ, ಆ ರಸ್ತೆಯಲ್ಲಿ ಮಗಳನ್ನು ದಿನಾ ಓಡಾಡಿಸಲಾರೆ ಎಂದು ಖಡಾಖಂಡಿತ ಹೇಳಿದ. ಹಾಗಾಗಿ ಗುಡ್ಡವೇ ಮನೆಗೆ ಬರುವಂತಾಯಿತು.

ಕಂಪ್ಯೂಟರ್ ಬಂದ ತಿಂಗಳೊಳಗೆ ಅದಕ್ಕೊಂದು ಕಪಾಟೂ ಬಂತು. ಅದು ತಾಯಿ ಸುವರ್ಣಮ್ಮನ ಹಟ. ಎಮ್ಮೆ ಹಾಲು ಮಾರಿ ಕೂಡಿಟ್ಟ ದುಡ್ಡಿನಲ್ಲಿ ಸಾಗವಾನಿಯ ಕಪಾಟು ಮಾಡಿಸಿದಳು. ಮೇಲೆ ಟಿವಿಯಂಥ ಪರದೆ, ಕೆಳಗಿನ ಖಾನೆಯಲ್ಲಿ ಎಲ್ಲರೂ ಸಿಪಿಯು ಎನ್ನುವ ಪೆಟ್ಟಿಗೆ, ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಊರಿನ ಕೆಂಪು ಧೂಳು ಹಾಲಿನ ಕೆನೆಯ ಮೇಲೂ ಕೂರುತ್ತಿದ್ದ ಕಾಲ; ಅಷ್ಟು ದುಬಾರಿ ಪೆಟ್ಟಿಗೆಯನ್ನು ಬಯಲಿಗೆ ಬಿಡುವುದು ಸುವರ್ಣಮ್ಮನಿಗೆ ಹಸುಗೂಸನ್ನು ಬೀದಿಯಲ್ಲಿ ಮಲಗಿಸಿದ ಹಾಗಿತ್ತು. ಜಂಬಯ್ಯನ ತಾಯಿ ಸಂಗಮ್ಮಜ್ಜಿ ಸೋಮವಾರಕ್ಕೊಮ್ಮೆ ಬೀಗ ತೆಗೆಸಿ, ಪೆಟ್ಟಿಗೆಗೆ ವಿಭೂತಿ ಹಚ್ಚಿ, ಲೋಬಾನದ ಹೊಗೆ ಹಾಕಿ, ಮತ್ತೆ ಬೀಗ ಹಾಕಿಸುತ್ತಿದ್ದಳು. ಆ ಬೀದಿಯಲ್ಲಿ ಅಷ್ಟು ಸುಖವಾಗಿ ಬಾಳಿದ ಯಂತ್ರ ಇನ್ನೊಂದಿರಲಿಲ್ಲ.

ಏಪ್ರಿಲ್ ಬಂತು. ಸುಖವಾಗಿದ್ದ ಯಂತ್ರ ಕೆಲಸದ ನಡುವೆ ತಾನೇ ತಾನಾಗಿ ಆರಿಹೋಗತೊಡಗಿತು. ಸಣ್ಣ ಕೆಲಸವಾದರೆ ತೊಂದರೆಯಿಲ್ಲ. ಗುಡ್ಡದ ಲೆಕ್ಕಕ್ಕೆ ಕೂರಿಸಿದರೆ ಮಾತ್ರ ಒಳಗಿನ ಫ್ಯಾನು ಹುಚ್ಚೆದ್ದು ತಿರುಗಿ, ಆಮೇಲೆ ಫಕ್ಕನೆ ಕತ್ತಲು. ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ, ಹೀಟ್ ಆಗ್ತೈತಿ ಮೇಡಂ, ಎ.ಸಿ. ಹಾಕಿಸ್ರಿ ಎಂದು ಕೂತಲ್ಲೇ ಔಷಧಿ ಹೇಳಿದ.

ಅದೇ ಹೊತ್ತಿಗೆ ಶಂಭುಲಿಂಗ ದೊಡ್ಡದೊಂದು ಕೆಲಸ ತಂದರು. ಒಂದು ಗಣಿಯ ಇಡೀ ಗುಡ್ಡಸಾಲು. ಮೇ ತಿಂಗಳು ಮುಗಿಯುವುದರೊಳಗೆ ನಕ್ಷೆ ಕೈಗೆ ಬಂದರೆ ಇನ್ನು ಮುಂದೆ ತಮ್ಮ ಎಲ್ಲ ಕೆಲಸವೂ ಇದೇ ಪಡಸಾಲೆಗೆ; ಬರದಿದ್ದರೆ ಬಳ್ಳಾರಿಯ ಆಫೀಸೊಂದು ಕಾದು ಕೂತಿದೆ, ಬೇಜಾರಾಗಬಾರದು ಎಂದರು. ಸೌಜನ್ಯ ಹೂಂ ಎಂದಳು. ಅವರು ಹೋದ ಮೇಲೆ ಆರಿಹೋದ ಪರದೆಯ ಮುಂದೆ ಬಹಳ ಹೊತ್ತು ಕೂತಳು. ಅವಳ ಓರಗೆಯ ಹುಡುಗಿಯರಲ್ಲಿ ಸ್ವಂತ ಹೆಸರಿನಲ್ಲಿ ಕೆಲಸ ಇದ್ದವಳು ಅವಳೊಬ್ಬಳೇ. ಅದು ಒಂದು ಪೆಟ್ಟಿಗೆಯ ಕಾವಿಗೆ ಕೈಬಿಟ್ಟು ಹೋಗುವುದನ್ನು ಒಪ್ಪಲು ಅವಳು ತಯಾರಿರಲಿಲ್ಲ.

ಪರಿಹಾರ ತಂದವನು ಅಣ್ಣ ಸಿದ್ದಲಿಂಗೇಶ್. ಸಂಡೂರಿನ ಹತ್ತಿರ ಅದಿರು ಲಾರಿಗಳನ್ನು ತೂಗುವ ವೇಬ್ರಿಜ್ಜಿನಲ್ಲಿ ಸೂಪರ್‌ವೈಸರ್ ಆಗಿದ್ದ. ಸಂಜೆಯಾದರೆ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಲೋಕದ ಸುದ್ದಿಯನ್ನೆಲ್ಲ ತಲೆಗೆ ತುಂಬಿಕೊಂಡು ಬಂದು ಊಟದ ಹೊತ್ತಿಗೆ ಸುರಿಯುವುದು ಅವನ ಅಭ್ಯಾಸ. ಅಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎರಡನೇ ರೊಟ್ಟಿ ಮುರಿಯುತ್ತ ಅವನು ಬಾಯಿ ತೆರೆದ.

"ಫಾರಿನ್‌ನಾಗ ಕಂಪ್ಯೂಟರಿಗೆ ನೀರು ಹಾಯಿಸ್ತಾರ. ಒಳಗ ಪೈಪ್ ಇರ್ತಾವ, ಒಂದು ಪಂಪ್ ಇರ್ತೈತಿ, ಒಂದು ರೇಡಿಯೇಟರ್ ಇರ್ತೈತಿ."

ಜಂಬಯ್ಯನ ಕೈಯ ತುತ್ತು ಅಲ್ಲೇ ನಿಂತಿತು. "ಏನಿರ್ತೈತಿ?"

"ರೇಡಿಯೇಟರ್."

"ನಮ್ಮಂಥಾದ್ದ?"

"ಸಣ್ಣದು. ಆದ್ರ ಅದಾ."

ಜಂಬಯ್ಯ ತುತ್ತನ್ನು ತಟ್ಟೆಗಿಳಿಸಿದ. ಇಷ್ಟು ದಿನ ಕಂಪ್ಯೂಟರ್ ಎಂದರೆ ಅವನಿಗೆ ಮಗಳ ವಿದ್ಯೆ, ತಾನು ಮುಟ್ಟಬಾರದ ಸಾಮಾನು. ಈಗ ನೋಡಿದರೆ ಅದು ತನ್ನ ಬಳಗವೇ. ಸುವರ್ಣಮ್ಮ ಕರೆಂಟಿನ ಪೆಟ್ಟಿಗೆಯೊಳಗೆ ನೀರು ಬಿಡುತ್ತಾರಂತೆ, ಅಪ್ಪ ಮಗ ಇಬ್ಬರಿಗೂ ಬಿಸಿಲು ತಲೆಗೇರಿದೆ ಎಂದು ಗೊಣಗಿದಳು. ಸಂಗಮ್ಮಜ್ಜಿ ಮಾತ್ರ ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವುದಿಲ್ಲವೇ, ಹಾಗೇ ಇದೂ ಎಂದು ಮಗನ ಪರ ನಿಂತಳು. ಆ ಸಾಮಾನನ್ನು ಬೆಂಗಳೂರಿನಿಂದ ತರಿಸಬೇಕು, ಕಂಪ್ಯೂಟರಿನ ಅರ್ಧ ಬೆಲೆ ಅದಕ್ಕೇ ಆಗುತ್ತದೆ ಎಂದು ಸೌಜನ್ಯ ಹೇಳಿದಳು.

"ಬೆಂಗಳೂರಿಂದ ಯಾಕ ತರಬೇಕು?" ಎಂದ ಜಂಬಯ್ಯ. "ರೇಡಿಯೇಟರ್ ಮನ್ಯಾಗ ಹುಟ್ಟೀದಿ ನೀನು."

ಸೌಜನ್ಯ ನಕ್ಕಳು. ನಿಜ ಹೇಳಬೇಕೆಂದರೆ ಅವಳಿಗೂ ಖುಷಿಯಾಗಿತ್ತು. ಇಂಜಿನ್ನಿನ ಬಿಸಿಯನ್ನು ನೀರು ಹೊತ್ತುಕೊಂಡು ಹೋಗಿ, ತಗಡಿನ ರೆಕ್ಕೆಗಳಿಗೆ ಕೊಟ್ಟು, ಫ್ಯಾನಿನ ಗಾಳಿಗೆ ತಣಿದು ಮತ್ತೆ ಬರುತ್ತದೆ. ಈ ಪಾಠವನ್ನು ಅವಳು ಶಾಲೆಗಿಂತ ಮೊದಲು ಅಪ್ಪನ ಅಂಗಡಿಯಲ್ಲಿ ಕಲಿತಿದ್ದಳು. ತನ್ನ ಕಷ್ಟಕ್ಕೆ ಅಪ್ಪನ ಕೈಯೇ ಔಷಧಿಯಾಗುವುದಾದರೆ ಬೇಡ ಎನ್ನುವವರುಂಟೇ?

ಮುಂದಿನ ವಾರಗಳಲ್ಲಿ ಜಂಬಯ್ಯ ಲಾರಿಗಳನ್ನು ಅಂಗಡಿ ಮುಂದೆ ಕಾಯಲು ಬಿಟ್ಟು ಇದೇ ಕೆಲಸಕ್ಕೆ ನಿಂತ. ಗುಜರಿಯಿಂದ ಹಳೆಯ ಕಾರಿನ ಹೀಟರಿಗೆ ಹಾಕುವ ಪುಟ್ಟ ರೇಡಿಯೇಟರ್ ಒಂದನ್ನು ಆರಿಸಿ ತಂದು, ಆಸಿಡ್ಡಿನಲ್ಲಿ ತೊಳೆದು, ಹೊಸ ತಾಮ್ರದ ಹಾಗೆ ಹೊಳೆಯಿಸಿದ. ಕಂಪ್ಯೂಟರಿನ ಎದೆಯ ಮೇಲೆ, ಎಂದರೆ ಒಳಗೆ ಬಿಸಿಯೇರುವ ಚಿಪ್ಪಿನ ಮೇಲೆ, ಕೂರಲು ಒಂದು ತಾಮ್ರದ ಬಿಲ್ಲೆ ಮಾಡಿ, ಅದರೊಳಗೆ ನೀರು ಸುತ್ತಲು ದಾರಿ ಕೊರೆದ. ಏರ್‌ಕೂಲರಿನ ಪಂಪು ಜೋಡಿಸಿದ. ಪರೀಕ್ಷೆಗೆ ಮನೆಯಿಂದ ಇಸ್ತ್ರಿಪೆಟ್ಟಿಗೆ ಹೋಯಿತು. ಅದನ್ನು ಮಗುಚಿ ಕಾಯಿಸಿ, ಮೇಲೆ ತಾಮ್ರದ ಬಿಲ್ಲೆಯಿಟ್ಟು ನೀರು ಹರಿಸಿದರೆ ಬಿಲ್ಲೆಯನ್ನು ಕೈಯಲ್ಲಿ ಮುಟ್ಟಬಹುದಾಗಿತ್ತು. ಡ್ರೈವರುಗಳೆಲ್ಲ ಸರದಿಯಲ್ಲಿ ಬಂದು ಮುಟ್ಟಿ ನೋಡಿದರು. ಎಷ್ಟೋ ಲಾರಿಗಳ ಮಾಲಕ ನಾಗೇಂದ್ರಪ್ಪ, ಎರಡು ಜೀಪಿದ್ದರೂ ಒಂದರಲ್ಲೂ ಸುಮ್ಮನೆ ಹೋಗದೆ ಎಲ್ಲರ ಅಂಗಡಿಯಲ್ಲೂ ಇಳಿದು ಕಾಲೆಳೆಯುವ ಮನುಷ್ಯ, ಅವನೂ ಮುಟ್ಟಿ ನೋಡಿ ತಲೆದೂಗಿದ. ಜಂಬಯ್ಯ ಉಬ್ಬಿಹೋದ. ಮೇ ಕೊನೆಯ ಭಾನುವಾರ ಮನೆಯಲ್ಲೇ ಇದನ್ನು ಕೂರಿಸುವುದಿದೆ, ಮಂಡಕ್ಕಿ ಮಿರ್ಚಿ ತಿನ್ನುತ್ತ ನೋಡಲು ಬನ್ನಿ ಎಂದು ನಾಗೇಂದ್ರಪ್ಪನನ್ನೂ ಅಕ್ಕಪಕ್ಕದ ಅಂಗಡಿಯವರನ್ನೂ ಕರೆದುಬಿಟ್ಟ. ನಕ್ಷೆಗೆ ಬರಬೇಕಾಗಿದ್ದ ಶಂಭುಲಿಂಗರಿಗೂ ಅದೇ ದಿನ ಹೇಳಿಕಳಿಸಿದ.

ಮನೆಯಲ್ಲಿ ಮಾತ್ರ ಬೇರೆ ಬಿಸಿ ಏರುತ್ತಿತ್ತು. ಯಂತ್ರ ನೆಟ್ಟಗೆ ನಡೆಯುತ್ತಿದ್ದದ್ದು ಬೆಳಗಿನ ತಂಪು ಹೊತ್ತಿನಲ್ಲಿ. ರೊಟ್ಟಿ ಬಡಿಯುವ ಹೊತ್ತೂ ಅದೇ. ಸೌಜನ್ಯ ಎದ್ದ ಕೂಡಲೇ ಪರದೆಯ ಮುಂದೆ ಕೂತರೆ ಸುವರ್ಣಮ್ಮ ಒಲೆಯ ಮುಂದೆ ಒಬ್ಬಳೇ ಬೇಯುತ್ತಿದ್ದಳು. ಹೊತ್ತೇರಿ, ಯಂತ್ರ ಆರಿ, ಮಗಳು ಅಡುಗೆಮನೆಗೆ ಬರುವಷ್ಟರಲ್ಲಿ ರೊಟ್ಟಿ ಮುಗಿದಿರುತ್ತಿತ್ತು. ಗುಡ್ಡ ಎಣಿಸುವವಳಿಗೆ ರೊಟ್ಟಿ ಎಣಿಸಲು ಪುರುಸೊತ್ತಿಲ್ಲ ಎಂದು ತಾಯಿ ಗೋಡೆಗೆ ಹೇಳುವ ಹಾಗೆ ಹೇಳಿದಳು. ಮೇ ಕಳೆಯಲಿ, ಎರಡೂ ಹೊತ್ತು ನಾನೇ ಬಡಿಯುತ್ತೇನೆ ಎಂದು ಮಗಳೂ ಗೋಡೆಗೇ ಹೇಳಿದಳು.

ಹೀಗಿರುವಾಗ ಒಂದು ದಿನ, ಅಪ್ಪನ ಬಿಲ್ಲೆ ಕೂರುವ ಜಾಗದ ಅಳತೆ ತೆಗೆದುಕೊಡಲು ಸೌಜನ್ಯ ಪೆಟ್ಟಿಗೆಯನ್ನು ಕಪಾಟಿನಿಂದ ಹೊರಗೆಳೆದು ಅದರ ಮಗ್ಗುಲು ಬಿಚ್ಚಿದಳು. ಒಳಗಿನ ಫ್ಯಾನಿನ ಕೆಳಗೆ ತಗಡಿನ ರೆಕ್ಕೆಗಳು ಇರಬೇಕು. ಇದ್ದವು, ಆದರೆ ಕಾಣುತ್ತಿರಲಿಲ್ಲ. ಕೆಂಪು ಧೂಳು ಲೋಬಾನದ ಹೊಗೆಯ ಜಿಡ್ಡಿನೊಡನೆ ಸೇರಿ, ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಬೀಗ ಹಾಕಿದ ಕಪಾಟಿಗೆ ಧೂಳು ಹೇಗೆ ಬಂತೆಂದು ಹೊಸಪೇಟೆಯವರು ಕೇಳುವುದಿಲ್ಲ. ಮುಚ್ಚಿದ ಉಪ್ಪಿನ ಡಬ್ಬಿಯಲ್ಲೂ ಕೆಂಪು ಕಾಣುತ್ತಿದ್ದ ಊರು. ಅವಳು ಬಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ಅದನ್ನೆಲ್ಲ ಕೆರೆದು ತೆಗೆದಳು. ಪೆಟ್ಟಿಗೆಯನ್ನು ನೆಲದ ಮೇಲೇ ಇಟ್ಟು ಗುಡ್ಡದ ಲೆಕ್ಕ ಹಚ್ಚಿದಳು. ಒಳಗಿನ ಕಾವು ಎಷ್ಟೆಂದು ಪರದೆಯ ಮೂಲೆಯಲ್ಲಿ ಕಾಣುತ್ತದೆ. ಅದು ಏರಿತು, ನಿಂತಿತು, ಅಲ್ಲೇ ಇತ್ತು. ಉರಿಬಿಸಿಲಿನ ಮಧ್ಯಾಹ್ನವಿಡೀ ಯಂತ್ರ ಆರಲಿಲ್ಲ.

ಮಾರನೆಯ ದಿನ ಎಂದಿನಂತೆ ಕಪಾಟಿನಲ್ಲಿಟ್ಟು ಗಾಜಿನ ಬಾಗಿಲು ಮುಚ್ಚಿ ಅದೇ ಲೆಕ್ಕ ಹಚ್ಚಿದಳು. ಕಾವು ಸರಸರನೆ ಏರಿ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಯಂತ್ರ ಆರಿಹೋಯಿತು. ಅವಳಿಗೆ ಎಲ್ಲ ತಿಳಿಯಿತು. ಪೆಟ್ಟಿಗೆ ತಾನು ಬಿಟ್ಟ ಬಿಸಿ ಉಸಿರನ್ನೇ ತಿರುಗಿ ಎಳೆದುಕೊಳ್ಳುತ್ತಿತ್ತು. ಕಾಪಾಡಲೆಂದು ಮಾಡಿಸಿದ ಕಪಾಟೇ ಅದರ ಕತ್ತು ಹಿಸುಕಿತ್ತು. ತಿಳಿದದ್ದನ್ನು ತಾಯಿಗೆ ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಬಾಗಿಲನ್ನು ತೆರೆದೇ ಇಡಬೇಕು, ಲೋಬಾನದ ಹೊಗೆ ಬೇಡ ಎಂದಷ್ಟೇ ಹೇಳಿದಳು.

"ತೆಗದಿಟ್ರ ಧೂಳು ಬರ್ತೈತಿ," ಎಂದಳು ಸುವರ್ಣಮ್ಮ.

"ಮುಚ್ಚಿಟ್ರ ಬಿಸಿ ಹೊರಗ ಹೋಗಂಗಿಲ್ಲವ್ವಾ."

"ಅಂದ್ರ ನನ್ನ ಕಪಾಟಿಂದಾನ ನಿನ್ನ ಕೆಲಸ ಹಾಳಾತು ಅನ್ನು."

ಸೌಜನ್ಯ ಬಗ್ಗಿ ಕಪಾಟಿನ ಬಾಗಿಲು ತೆರೆದಳು. ಅದೇ ಉತ್ತರವಾಯಿತು. ಸುವರ್ಣಮ್ಮನಿಗೆ ಕೆಂಡದಂಥ ಸಿಟ್ಟು ಬಂತು. ಎಮ್ಮೆಯ ಸಗಣಿ ಬಾಚಿ, ಹಾಲು ಹಿಂಡಿ, ಮನೆಮನೆಗೆ ಕೊಟ್ಟು ಮಾಡಿಸಿದ ಕಪಾಟು. ನೋಡಲು ಬಂದ ನೆಂಟರೆಲ್ಲ ಕಂಪ್ಯೂಟರಿಗಿಂತ ಅದನ್ನೇ ಹೊಗಳಿದ್ದರು. ಅಂದಿನಿಂದ ಮನೆಯಲ್ಲಿ ಮಾತು ನಿಂತು, ಸೌಟು ತಟ್ಟೆಗಳು ಮಾತಾಡತೊಡಗಿದವು. ಅತ್ತೆಗೆ ಮಾತ್ರ ಅವಳು ಒಂದು ಮಾತು ಹೇಳಿದಳು: ಇನ್ನು ಮೇಲೆ ಸೋಮವಾರದ ಹೊಗೆ ಬೇಡವಂತೆ, ನಿಮ್ಮ ಮೊಮ್ಮಗಳ ಅಪ್ಪಣೆ. ಸಂಗಮ್ಮಜ್ಜಿ ದೂರದಿಂದಲೇ ಕೈಮುಗಿದರೂ ಆದೀತು, ಶಿವನಿಗೆ ಕಣ್ಣಿಲ್ಲವೇ ಎಂದು ಒಪ್ಪಿಕೊಂಡಳು.

ಆ ವಾರವೇ ಒಂದು ಮಧ್ಯಾಹ್ನ ಸುವರ್ಣಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಸೌಜನ್ಯ ಗುಡ್ಡಸಾಲಿನ ಅರ್ಧ ಭಾಗದ ಲೆಕ್ಕ ಹಚ್ಚಿ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ಸುಂಟರಗಾಳಿಯೊಂದು ಬೀದಿಯ ಧೂಳನ್ನೆಲ್ಲ ಎತ್ತಿಕೊಂಡು ಬಾಗಿಲೊಳಗೆ ನುಗ್ಗಿತು. ಸುವರ್ಣಮ್ಮ ಎದ್ದು, ಅಭ್ಯಾಸಬಲದಿಂದ, ಮೊದಲು ಮನೆಯ ಬಾಗಿಲು ಮುಚ್ಚಿದಳು, ಆಮೇಲೆ ಕಪಾಟಿನ ಬಾಗಿಲು. ಗಾಳಿ ಹೋದ ಮೇಲೆ ಮನೆಯ ಬಾಗಿಲು ತೆರೆದಳು. ಕಪಾಟು ನೆನಪಾಗಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನಿನ ಸದ್ದು ಏರಿತು. ನಂತರ ಸದ್ದೇ ಇಲ್ಲ.

ಸೌಜನ್ಯ ಒದ್ದೆ ಕೈಯಲ್ಲಿ ಬಂದು ನೋಡಿದಳು. ಬೆಳಗಿನಿಂದ ಮಾಡಿದ್ದೆಲ್ಲ ಹೋಗಿತ್ತು. ಅವಳು ಬಯ್ಯಲಿಲ್ಲ. ಕಪಾಟಿನ ಬಾಗಿಲು ತೆರೆದು, ಕುರ್ಚಿಯ ಮೇಲೆ ಕೂತು, ಸೆರಗಿಗೆ ಕೈ ಒರೆಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಮಗಳು ಜಗಳ ಮಾಡಿದ್ದರೆ ಸುವರ್ಣಮ್ಮ ಗೆಲ್ಲುತ್ತಿದ್ದಳು. ಜಗಳವಾಡದ ಆ ಬೆನ್ನನ್ನು ನೋಡುತ್ತ ಅವಳು ಶೇಂಗಾ ಸುಲಿಯುವುದನ್ನು ಮರೆತಳು.

ಮರುದಿನ ಜಂಬಯ್ಯ ಅಂಗಡಿಗೆ ಹೋದ ಮೇಲೆ ಸುವರ್ಣಮ್ಮ ಸುತ್ತಿಗೆ ತಂದಳು. ಕಪಾಟನ್ನು ಗೋಡೆಯಿಂದ ಸರಿಸಿಕೊಂಡು, ಹಿಂದಿನ ಹಲಗೆಯನ್ನು ತಾನೇ ಹೊಡೆದು ಕಿತ್ತಳು. ಮುಂದಿನ ಗಾಜನ್ನು ಬಿಚ್ಚಿ ಮಂಚದ ಕೆಳಗೆ ಇಟ್ಟಳು. ಗಾಜಿದ್ದ ಜಾಗಕ್ಕೆ ಗಂಡನ ಹಳೆಯ ಪಂಚೆಯಿಂದ ತೆಳ್ಳನೆಯ ತುಂಡು ಹರಿದು ಬಿಗಿಯಾಗಿ ಕಟ್ಟಿದಳು. ನಲ್ಲಿಯ ಬಾಯಿಗೆ ಅವಳು ಕಟ್ಟುತ್ತಿದ್ದ ಹಾಗೆಯೇ. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಬಟ್ಟೆಯ ಮೇಲೆ ನಿಲ್ಲುತ್ತಿತ್ತು, ಬಿಸಿ ಹಿಂದಿನಿಂದ ಹೊರಟುಹೋಗುತ್ತಿತ್ತು. ಸೌಜನ್ಯ ಬೆರಗಾಗಿ ನಿಂತಿದ್ದಳು.

"ವಾರಕ್ಕೊಮ್ಮೆ ಒಗದು ಕಟ್ತೀನಿ," ಎಂದಳು ಸುವರ್ಣಮ್ಮ, ಮಗಳ ಮುಖ ನೋಡದೆ. "ಧೂಳು ನಂದು. ಲೆಕ್ಕ ನಿಂದು."

ಅಂದಿನಿಂದ ಯಂತ್ರ ಆರಲಿಲ್ಲ. ಊರಿನ ಡಾಂಬರು ಕರಗುವ ಬಿಸಿಲಿನಲ್ಲೂ ಗುಡ್ಡದ ಮೇಲೆ ಗುಡ್ಡ ಲೆಕ್ಕವಾಗುತ್ತ ಹೋಯಿತು. ಪಂಚೆ ಕಟ್ಟಿದ ಕಪಾಟನ್ನು ನೋಡಿ ಜಂಬಯ್ಯ ನಕ್ಕು, ಭಾನುವಾರ ನೀರು ಬಂದ ಮೇಲೆ ಈ ಲಂಗೋಟಿ ಬೇಕಾಗಂಗಿಲ್ಲ ಎಂದ. ಅಮ್ಮ ಮಗಳು ಮುಖ ಮುಖ ನೋಡಿಕೊಂಡರು.

ಸೌಜನ್ಯಳಿಗೆ ಈಗ ಹೊಸ ಚಿಂತೆ. ನೀರು ಬೇಕಾಗಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು; ಅಪ್ಪ ಊರಿಗೆಲ್ಲ ಹೇಳಿಯಾಗಿದೆ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಸಿದ್ದಲಿಂಗೇಶನನ್ನು ಕೇಳಿದಳು. ಹಾಕಲಿ ಬಿಡು, ಅಪ್ಪನ ಮನಸ್ಸು ಯಾಕೆ ಮುರಿಯುತ್ತೀ, ನಾಲ್ಕು ದಿನ ಬಿಟ್ಟು ತೆಗೆದರಾಯಿತು ಎಂದು ಅವನು ಸುಲಭದ ದಾರಿ ಹೇಳಿದ. ಆದರೆ ಭಾನುವಾರದ ಹೊತ್ತಿಗೆ ಕೊನೆಯ ಲೆಕ್ಕ ನಡೆಯುತ್ತಿರುತ್ತದೆ. ನಡೆಯುವ ಯಂತ್ರವನ್ನು ನಿಲ್ಲಿಸಿ, ಎದೆ ಬಿಚ್ಚಿ, ನೀರಿನ ಪೈಪು ಹಾಕಿ, ಒಂದು ಹನಿ ಬಿದ್ದರೂ ಗುಡ್ಡವೂ ಹೋಯಿತು, ಕೆಲಸವೂ ಬಳ್ಳಾರಿಗೆ ಹೋಯಿತು. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಶನಿವಾರ ಸಂಜೆ ಎಲ್ಲರೂ ಉಣ್ಣಲು ಕೂತಾಗ, ಜಂಬಯ್ಯ ನಾಳೆ ಮಿರ್ಚಿಗೆ ಹಿಟ್ಟು ಎಷ್ಟು ಕಲೆಸಬೇಕೆಂದು ಹೆಂಡತಿಗೆ ಹೇಳುತ್ತಿದ್ದಾಗ, ಅವಳು ಹೇಳಿಬಿಟ್ಟಳು.

"ಅಪ್ಪಾ, ನೀರು ಬ್ಯಾಡ."

ಜಂಬಯ್ಯನಿಗೆ ಮೊದಲು ಕುಡಿಯುವ ನೀರು ಎನಿಸಿರಬೇಕು. ಅವಳ ಮುಖ ನೋಡಿ ತಿಳಿಯಿತು. "ಯಾಕ? ನನ್ನ ಕೆಲಸದ ಮ್ಯಾಲೆ ನಂಬಿಕಿ ಇಲ್ಲೇನು?"

"ಐತಿ. ನೀ ಮಾಡಿದ್ದು ಕೆಲಸ ಮಾಡ್ತೈತಿ. ಈಗಿರೋದಕ್ಕಿಂತ ಇನ್ನಾ ತಣ್ಣಗ ಇಡ್ತೈತಿ. ಆದ್ರ ಅಷ್ಟು ತಣ್ಣಗ ನನಗ ಬೇಕಾಗಿಲ್ಲ. ಅವ್ವ ಗಾಳಿಗೆ ದಾರಿ ಮಾಡಿದ ಮ್ಯಾಲೆ ಒಂದ್ಸಲಾನೂ ಆಫ್ ಆಗಿಲ್ಲ. ನೀರು ಬಿಸೀನ ನುಂಗಂಗಿಲ್ಲಪ್ಪಾ, ಹೊತ್ತೊಯ್ದು ಇದಾ ಪಡಸಾಲ್ಯಾಗ ಚೆಲ್ತೈತಿ. ಲಾರಿಗೆ ಡ್ರೈವರ್ ದಿನಾ ಮುಂಜಾನಿ ಬಾನೆಟ್ ಎತ್ತಿ ನೀರು ನೋಡ್ತಾನ. ಇದಕ್ಕ ಯಾರು ನೋಡ್ತಾರ?"

"ನಾ ನೋಡ್ತೀನಿ."

"ಸೋರಿದ್ರ?"

"ನಾ ಹಾಕಿದ ಬೆಸುಗಿ ಸೋರಂಗಿಲ್ಲ."

ಸುವರ್ಣಮ್ಮ ಕಣ್ಣಿನಲ್ಲೇ ಸಾಕು ಎಂದಳು. ಸೌಜನ್ಯ ಅದನ್ನು ನೋಡಿದಳು. ಆದರೂ ನಿಲ್ಲಿಸಲಿಲ್ಲ.

"ಎಲ್ಲಾ ರೇಡಿಯೇಟರೂ ಒಂದಿನ ಸೋರ್ತಾವಪ್ಪಾ. ಸೋರ್ತಾವ ಅಂತಾನ ನಾವು ಉಣ್ಣಾಕತ್ತೀವಿ. ಲಾರಿ ಸೋರಿದ್ರ ನಿನ್ನ ಅಂಗಡಿಗೆ ಬರ್ತೈತಿ. ಇದು ಸೋರಿದ್ರ ನಾ ಎಲ್ಲಿಗೆ ಒಯ್ಯಲಿ?"

ಜಂಬಯ್ಯ ತಟ್ಟೆ ಸರಿಸಿದ. ತಟ್ಟೆಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಎದ್ದು ಹೋಗಿ ಕೈ ತೊಳೆದ. ಅವನು ಅನ್ನದ ಮುಂದಿನಿಂದ ಅರ್ಧಕ್ಕೆ ಎದ್ದದ್ದನ್ನು ಆ ಮನೆ ಕಂಡಿರಲಿಲ್ಲ. ಸಂಗಮ್ಮಜ್ಜಿ ಮಗನ ಹಿಂದೆ ಹೋಗಲು ನೋಡಿ, ಸೊಸೆ ಬೇಡವೆಂದ ಮೇಲೆ ಕೂತಳು. ಹೇಳುವುದನ್ನು ಹೇಳಿದಿ, ಹೇಳುವ ಹೊತ್ತು ನೋಡಬೇಕಿತ್ತು ಎಂದು ಸುವರ್ಣಮ್ಮ ಮಗಳನ್ನು ಬಯ್ದಳು. ಬಯ್ದ ಮೇಲೆ ತಾನೇ ಅವಳ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

ಭಾನುವಾರ ಬೆಳಗಾಗುತ್ತಲೇ ಜಂಬಯ್ಯ ಅಂಗಡಿಗೆ ಹೋದ. ವಾಪಸು ಬಂದಾಗ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟಿತ್ತು. ಬಿಲ್ಲೆ, ಪೈಪು, ಪಂಪು, ರೇಡಿಯೇಟರು ಎಲ್ಲ ಅದರಲ್ಲೇ. ಸೌಜನ್ಯ ಗಂಟನ್ನೇ ನೋಡಿದಳು. ಅಪ್ಪ ಹಟ ಹಿಡಿದರೆ ತಡೆಯುವವರು ಆ ಮನೆಯಲ್ಲಿ ಇರಲಿಲ್ಲ. ಅವನು ಗಂಟನ್ನು ಟೀಪಾಯಿಯ ಮೇಲಿಟ್ಟು, ಯಾರೊಡನೆಯೂ ಮಾತಾಡದೆ ಸ್ನಾನಕ್ಕೆ ಹೋದ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಪಂಚೆಯ ಹಿಂದೆ ಯಂತ್ರ ಗುಂಯ್‌ಗುಡುತ್ತ ಕೊನೆಯ ಲೆಕ್ಕ ಮಾಡುತ್ತಿತ್ತು.

ಒಬ್ಬೊಬ್ಬರೇ ಬಂದರು. ಪಕ್ಕದ ಟೈರಿನ ಅಂಗಡಿಯವನು, ಎದುರಿನ ಬ್ಯಾಟರಿಯವನು, ಇಬ್ಬರು ಡ್ರೈವರುಗಳು, ಬೀದಿಗೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆದುಕೊಂಡು ನಾಗೇಂದ್ರಪ್ಪ. ಕೊನೆಗೆ ಶಂಭುಲಿಂಗ. ಒಳಗೆ ಮಿರ್ಚಿ ಚುಂಯ್‌ಗುಟ್ಟುತ್ತಿತ್ತು. ಸಿದ್ದಲಿಂಗೇಶ್ ಮಂಡಕ್ಕಿಯ ತಟ್ಟೆಗಳನ್ನು ಹಂಚಿದ. ಸೌಜನ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಪರದೆಯ ಮೇಲೆ ಕಣ್ಣಿಟ್ಟಿದ್ದಳು.

ಲೆಕ್ಕ ಮುಗಿಯಿತು. ಅವಳು ಹೋಗಿ ಒಂದು ಗುಂಡಿ ಒತ್ತಿದಳು. ಗುಡ್ಡಸಾಲು ಪರದೆಯ ಮೇಲೆ ಗೆರೆಗೆರೆಯಾಗಿ ಮೂಡಿ ನಿಂತಿತು; ಎಲ್ಲಿ ಕಡಿದಿದ್ದಾರೆ, ಎಲ್ಲಿ ಮಣ್ಣು ಸುರಿದಿದ್ದಾರೆ, ಎಲ್ಲಿ ಮರಗಳಿರುವ ಜಾಗ ಹಾಗೇ ಉಳಿದಿದೆ, ಎಲ್ಲವೂ. ಆ ರಸ್ತೆಯಲ್ಲೇ ಬಾಳು ಸವೆಸಿದ ಡ್ರೈವರುಗಳು ಎದ್ದು ಬಂದು, ಇದು ನಮ್ಮ ಮೂರನೇ ತಿರುವು, ಇದು ಕೆರೆ ಎಂದು ಬೆರಳಿಟ್ಟು ತೋರಿಸಿದರು. ಶಂಭುಲಿಂಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು, ಅಲ್ಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರು. ಆಮೇಲೆ ಕನ್ನಡಕ ತೆಗೆದು, ಮುಂದಿನ ಎರಡು ಗಣಿಗಳ ಅಂಕಿಗಳನ್ನು ಸೋಮವಾರವೇ ಇಲ್ಲಿಗೆ ಕಳಿಸುವುದಾಗಿ ಹೇಳಿದರು. ಬಳ್ಳಾರಿಯ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಒಳಗೆ ಸುವರ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೆಣಸಿನಕಾಯಿ ಘಾಟು ಎಂದು ಅತ್ತೆಗೆ ಹೇಳಿದಳು.

ನಾಗೇಂದ್ರಪ್ಪನಿಗೆ ನಕ್ಷೆಯಿಂದ ಏನಾಗಬೇಕು? ಅವನು ಬಂದದ್ದು ತಮಾಷೆ ನೋಡಲು. ಕಪಾಟಿನ ಪಂಚೆಯನ್ನು ಬೆರಳಿನಿಂದ ಮೀಟಿ, "ಏ ಜಂಬಯ್ಯ, ನೀರೆಲ್ಲೋ? ಕಂಪ್ಯೂಟರಿಗೆ ನೀರು ಕುಡಸ್ತೀನಿ ಅಂತ ಕರದು, ಪಂಚಿ ಉಡಿಸಿ ಕುಂದ್ರಿಸೀದಿ," ಎಂದ. ಎಲ್ಲರೂ ನಕ್ಕರು.

ಜಂಬಯ್ಯ ನಿಧಾನವಾಗಿ ಗಂಟು ಬಿಚ್ಚಿದ. ತಾಮ್ರದ ಸಾಮಾನು ಟೀಪಾಯಿಯ ಮೇಲೆ ಹೊಳೆಯಿತು. ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ಬೆಸುಗೆ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ ಎಂದು ಟೈರಿನ ಅಂಗಡಿಯವನು ಹೇಳಿದ. ಅದು ಸುತ್ತಿ ತಿರುಗಿ ತನ್ನ ಕೈಗೆ ಬಂದ ಮೇಲೆ ಜಂಬಯ್ಯ ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ.

"ರಿಜೆಕ್ಟ್ ಆಗೈತಿ," ಎಂದ.

ಆ ಊರಿನಲ್ಲಿ ಆ ಮಾತಿನ ತೂಕ ಗೊತ್ತಿಲ್ಲದವರಿರಲಿಲ್ಲ. ಬಂದರಿನಲ್ಲಿ ಪರೀಕ್ಷೆಗೆ ನಿಲ್ಲದ ಅದಿರಿಗೆ ಹೇಳುವ ಮಾತು ಅದು. ಕೇಳಿದ ಮಾಲಕನ ಮುಖ ಇಳಿದುಹೋಗುತ್ತಿತ್ತು. ನಾಗೇಂದ್ರಪ್ಪನೇ ಒಮ್ಮೆ ತನ್ನ ಮಾಲಿಗೆ ಅದನ್ನು ಕೇಳಿ ವಾರ ಮನೆಯಿಂದ ಹೊರಗೆ ಬಂದಿರಲಿಲ್ಲ.

"ನಿನ್ನ ಮಾಲು? ರಿಜೆಕ್ಟ್ ಯಾರು ಮಾಡಿದ್ರು?"

"ನನ್ನ ಮಗಳು."

ನಾಗೇಂದ್ರಪ್ಪ ತೊಡೆ ತಟ್ಟಿ ನಕ್ಕ. "ಅಂದ್ರ ಮಗಳ ಕೈಯಾಗ ಸೋತಿ ಅನ್ನು."

"ಸೋತೆ," ಎಂದ ಜಂಬಯ್ಯ. ಅವನ ದನಿ ಸ್ವಲ್ಪವೂ ಇಳಿದಿರಲಿಲ್ಲ. "ಇಷ್ಟು ವರ್ಷ ನೀವೆಲ್ಲಾ ನಾ ಹೇಳಿದ್ದಕ್ಕ ಹೂಂ ಅಂದು ಲಾರಿ ಬಿಟ್ಟು ಹೋದ್ರಿ. ಬೇಕೋ ಬ್ಯಾಡೋ ಅಂತ ಯಾರೂ ಕೇಳಿದ್ದಿಲ್ಲ. ಈಕಿ ಕೇಳಿದ್ಳು. ಮಾಲು ಚಲೋ ಐತಿ ಅಂತಾನೂ ಅಂದ್ಳು, ನನಗ ಬ್ಯಾಡ ಅಂತಾನೂ ಅಂದ್ಳು. ಉತ್ತರ ಹುಡುಕಿದೆ, ಸಿಗಲಿಲ್ಲ. ನಿನ್ನ ಮನ್ಯಾಗ ಐತೇನು ನಾಗೇಂದ್ರಪ್ಪ, ಹಿಂಗ ನಿನ್ನ ಸೋಲಿಸೋ ಕೂಸು?"

ನಾಗೇಂದ್ರಪ್ಪನ ನಗು ನಿಂತಿತು. ಅವನು ತಟ್ಟೆಯ ಮಿರ್ಚಿಯನ್ನು ಎತ್ತಿಕೊಂಡು, ಕಚ್ಚದೆ ಹಿಡಿದುಕೊಂಡು ಕೂತ.

ಜಂಬಯ್ಯ ಎದ್ದು ನಿಂತು, ತಾನು ಕೂತಿದ್ದ ಕುರ್ಚಿಯನ್ನು ಎಲ್ಲರ ನಡುವೆ ಎಳೆದು ಹಾಕಿದ. ಗಂಡಸರು ಕೂತ ಪಡಸಾಲೆಯಲ್ಲಿ ಆ ಮನೆಯ ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂತದ್ದಿಲ್ಲ.

"ಬಾ ತಾಯಿ, ಕುಂದ್ರು," ಎಂದ. "ಯಾಕ ಬ್ಯಾಡ ಅಂದಿ ಅಂತ ಇವರಿಗೂ ಹೇಳು. ನನಗ ಹೇಳಿದಂಗ ಹೇಳು, ಒಂದು ಮಾತೂ ಬಿಡಬ್ಯಾಡ."

ಸೌಜನ್ಯ ಒಮ್ಮೆ ತಾಯಿಯತ್ತ ನೋಡಿದಳು. ಸುವರ್ಣಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತು, ಹೋಗು ಎಂದು ಗದ್ದ ಎತ್ತಿದಳು. ಸೌಜನ್ಯ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತಳು. ಜಂಬಯ್ಯ ಅವಳ ಪಕ್ಕದಲ್ಲಿ, ಗೋಡೆಗೊರಗಿ, ಕೈಕಟ್ಟಿಕೊಂಡು ನಿಂತು ಕೇಳತೊಡಗಿದ.